ಪಕ್ಕದವನ ನೀರು

ಫೆಬ್ರವರಿ ೪, ಮಂಗಳವಾರ

ಮೇ ಐದಕ್ಕೆ ತೊಂಬತ್ತು ದಿನ. ಮರೆಯಬಾರದೆಂದು ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೇನೆ. ಮೊದಲ ಹತ್ತು ಪುಟಗಳಲ್ಲಿ ಅವಳು ಕಾಲೇಜಿನಲ್ಲಿ ಪಾಠ ಮಾಡುವ ಅರ್ಥಶಾಸ್ತ್ರ ಇದೆ, ನನಗೆ ಒಂದಕ್ಷರ ತಲೆಗೆ ಹತ್ತಲಿಲ್ಲ. ನನ್ನದು ಹನ್ನೊಂದನೇ ಪುಟದಿಂದ.

ಬೆಳಿಗ್ಗೆ ಪರಿಸರ ಇಲಾಖೆಯ ಅಧಿಕಾರಿ ಬಂದಿದ್ದಳು. ಚಿಕ್ಕ ವಯಸ್ಸು, ದೊಡ್ಡ ಚೀಲ. ನಮ್ಮ ಬೀದಿಯಲ್ಲಿ ನೂಲಿಗೆ ಬಣ್ಣ ಹಾಕುವ ಒಂಬತ್ತು ಮನೆಗಳವರನ್ನೂ ಸಂಘದ ಕೋಣೆಯಲ್ಲಿ ಕೂರಿಸಿ, ಕಾಲುವೆಯ ಸೇತುವೆ ಕೆಳಗೆ ತುಂಬಿಸಿ ತಂದ ಬಾಟಲಿಯನ್ನು ಮೇಜಿನ ಮೇಲಿಟ್ಟಳು. ಒಳಗಿನ ನೀರಿಗೆ ಕೊಳೆತ ದ್ರಾಕ್ಷಿಯ ಬಣ್ಣ.

"ಇದು ಯಾರ ನೀರು?" ಎಂದು ಕೇಳಿದಳು.

ಎಲ್ಲರೂ ಪಕ್ಕದಲ್ಲಿ ಕೂತವರ ಮುಖ ನೋಡಿದರು. ನಾನು ಬರೀ ನೋಡಲಿಲ್ಲ, ಬೆರಳೆತ್ತಿ ತೋರಿಸಿದೆ. "ಇವರದು ಮೇಡಂ. ನನ್ನ ಪಕ್ಕದ ಕಾರ್ಖಾನೆ. ಬೇಕಾದ್ರೆ ಬಂದು ನೋಡಿ, ಇವರ ಮೋರಿ ಬಾಯಲ್ಲಿ ದಿನಾ ಬಣ್ಣ ಸುರೀತಾ ಇರುತ್ತೆ."

ಪಕ್ಕದವನು ಒಂದು ಮಾತೂ ಆಡಲಿಲ್ಲ. ಯಾರನ್ನೂ ತೋರಿಸದೆ ಕಿಟಕಿಯ ಕಡೆ ನೋಡುತ್ತಾ ಕೂತವನು ಅವನೊಬ್ಬನೇ. ತಪ್ಪಿತಸ್ಥರ ಲಕ್ಷಣವೇ ಅದು.

ಅಧಿಕಾರಿ ನಿಯಮ ಓದಿದಳು. ತೊಂಬತ್ತನೇ ದಿನ ಸೇತುವೆಯ ನೀರಿನಲ್ಲಿ ಕೊಳೆ ಮಿತಿಗಿಂತ ಹೆಚ್ಚಿದ್ದರೆ ಒಂಬತ್ತು ಮನೆಗಳಿಗೂ ಬೀಗಮುದ್ರೆ. ಅದಕ್ಕೂ ಮೊದಲು ಇದು ಇಂಥವರದೇ ನೀರು ಎಂದು ಯಾರಾದರೂ ಸಾಕ್ಷಿ ಸಮೇತ ತೋರಿಸಿಕೊಟ್ಟರೆ, ಆ ಒಂದು ಮನೆಗೆ ಶಾಶ್ವತವಾಗಿ ಬೀಗ, ಉಳಿದವರಿಗೆ ಇನ್ನೊಂದು ವರ್ಷ ಕಾಲಾವಕಾಶ.

ಸಾಕ್ಷಿ ತಾನೇ? ತಂದು ಸುರಿಯುತ್ತೇನೆ. ಹದಿನಾಲ್ಕು ಜನ ಕೆಲಸದವರು ನನ್ನನ್ನು ನಂಬಿಕೊಂಡಿದ್ದಾರೆ. ಯಾರದೋ ಹೊಲಸಿಗೆ ನನ್ನ ಬಾಗಿಲಿಗೆ ಬೀಗ ಬೀಳಲು ನಾನು ಬಿಡುವುದಿಲ್ಲ.

ಮುಂದೆ ಯಾರಾದರೂ ಇದನ್ನು ಓದಿದರೆ ಗೊತ್ತಾಗಲಿ ಎಂದು ಒಂದೇ ಸಲ ಬರೆಯುತ್ತೇನೆ. ಪಕ್ಕದವನು ನನ್ನ ಸ್ವಂತ ಅಣ್ಣ. ಈ ಪದವನ್ನು ಈ ಪುಸ್ತಕದಲ್ಲಿ ಇನ್ನು ಬರೆಯುವುದಿಲ್ಲ. ಪಕ್ಕದವನು, ಅಷ್ಟೇ.

ಫೆಬ್ರವರಿ ೬, ಗುರುವಾರ

ಮೂವತ್ತು ಗಾಜಿನ ಬಾಟಲಿ ತರಿಸಿದೆ. ಕಾಲುವೆಯ ಆಚೆ ದಡಕ್ಕೆ ಹೋಗಿ ನಿಂತರೆ ಅವನ ಮೋರಿಯ ಬಾಯಿ ನೇರ ಕಣ್ಣಿಗೆ ಬೀಳುತ್ತದೆ. ಬೆಳಿಗ್ಗೆ ಏಳರಿಂದ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದೆ. ಹತ್ತರವರೆಗೆ ಒಂದು ತೊಟ್ಟೂ ಇಲ್ಲ. ಹನ್ನೊಂದಕ್ಕೆ ಸರಿಯಾಗಿ ದಬದಬ ಶುರು, ಕಡುನೀಲಿ. ಸೀರೆ ಎತ್ತಿ ಕಟ್ಟಿ, ಕೋಲಿಗೆ ಬಾಟಲಿ ಬಿಗಿದು ಹಿಡಿದೆ. ಮುಚ್ಚಳ ಹಾಕಿ ಚೀಟಿ ಅಂಟಿಸಿ ತಾರೀಖು, ಗಂಟೆ ಬರೆದೆ. ಐವತ್ತಮೂರು ವರ್ಷಕ್ಕೆ ಇದೊಂದು ಕಸರತ್ತು ಬಾಕಿ ಇತ್ತು.

ಎಂಥ ಚಾಲಾಕಿ ನೋಡಿ. ನಮ್ಮವರು ನೂಲು ಜಾಲಾಡುವ ಹೊತ್ತಿಗೇ ನೀರು ಬಿಡುತ್ತಾನೆ, ನಮ್ಮ ಗದ್ದಲದಲ್ಲಿ ಯಾರಿಗೂ ಕೇಳಿಸದಿರಲಿ ಎಂದು.

ಅಪ್ಪನ ಕಾಲದಲ್ಲಿ ಇದು ಒಂದೇ ಕಾರ್ಖಾನೆ. ಹನ್ನೊಂದು ವರ್ಷದ ಹಿಂದೆ ಪಾಲಾದಾಗ ತೊಟ್ಟಿ, ಒಲೆ, ನೂಲು ನೇತುಹಾಕುವ ಕೊಕ್ಕೆಗಳನ್ನೂ ಎಣಿಸಿ ಹಂಚಿಕೊಂಡೆವು. ಅಪ್ಪನ ಹೆಸರಿನ ಬೋರ್ಡು ಯಾರಿಗೆ ಎಂದು ಮೂರು ದಿನ ಜಗಳವಾಗಿ, ಕೊನೆಗೆ ಬಡಗಿಯನ್ನು ಕರೆಸಿ ನಡುಮಧ್ಯೆ ಗರಗಸ ಆಡಿಸಿದೆವು. ನನ್ನ ಅರ್ಧ, ಬಣ್ಣಕ್ಕೆ ಹಾಕುವ ಉಪ್ಪಿನ ಪೆಟ್ಟಿಗೆಗೆ ಮುಚ್ಚಳವಾಗಿದೆ. ಒಳ್ಳೆಯ ಗಟ್ಟಿ ಮರ. ಮಧ್ಯದ ಗೋಡೆ ಎದ್ದ ದಿನದಿಂದ ಮಾತಿಲ್ಲ.

ಫೆಬ್ರವರಿ ೨೦, ಗುರುವಾರ

ಹನ್ನೊಂದು ಬಾಟಲಿ ಆಯಿತು. ಆಫೀಸು ಕೋಣೆಯ ಕಿಟಕಿಯಲ್ಲಿ ಸಾಲಾಗಿ ಇಟ್ಟಿದ್ದೇನೆ. ಬಿಸಿಲು ಬಿದ್ದಾಗ ನೋಡಲು ಬಲು ಚೆಂದ, ಹಾಗನ್ನಬಾರದು.

ದೊಡ್ಡ ಬಟ್ಟೆ ಕಂಪನಿಯ ಏಜೆಂಟ್ ಬಂದಿದ್ದ. ಹಸಿರು ನೂಲು, ಹತ್ತು ದಿನದೊಳಗೆ ಬೇಕಂತೆ. ಹದಿನೈದು ಕೇಳಿದೆ.

"ನಿಮ್ಮಿಷ್ಟ ಅಮ್ಮ. ಕೊನೇ ಮನೆಯವರು ಎಂಟು ದಿನದಲ್ಲಿ ಕೊಡ್ತೀನಿ ಅಂದಿದಾರೆ."

"ಎಂಟು ದಿನಾನಾ? ಅವನ ಹತ್ರ ತಿಳಿತೊಟ್ಟಿ ಇದೆ ತಾನೇ?"

"ಅದೆಲ್ಲ ನಂಗ್ಯಾಕಮ್ಮ? ನಂಗೆ ನೂಲು ಬಂದ್ರೆ ಸಾಕು."

ಒಪ್ಪಿಕೊಂಡೆ. ಒಪ್ಪದೆ ಏನು ಮಾಡಲಿ? ತಿಳಿತೊಟ್ಟಿಯ ಹಣೆಬರಹ ಬೀದಿಯ ಎಲ್ಲರಿಗೂ ಗೊತ್ತು. ಬಣ್ಣದ ನೀರು ತುಂಬಿಸಿ, ಸುಣ್ಣ, ಪಟಿಕ ಹಾಕಿ ಆರು ಗಂಟೆ ಅಲುಗಾಡಿಸದೆ ಬಿಡಬೇಕು. ಕೊಳೆ ತಳಕ್ಕಿಳಿದ ಮೇಲೆ ಮೇಲಿನ ತಿಳಿನೀರನ್ನು ಕಾಲುವೆಗೆ ಬಿಡಬಹುದು. ಆ ಆರು ಗಂಟೆ ಹೊಸ ನೀರಿಗೆ ಜಾಗವಿಲ್ಲ, ಹಾಗಾಗಿ ಕೆಲಸ ನಿಲ್ಲಿಸಬೇಕು. ನಿಲ್ಲಿಸಿದರೆ ಆರ್ಡರ್ ಪಕ್ಕದ ಮನೆಗೆ ಹೋಗುತ್ತದೆ. ಆದರೂ ನಾನು ನಿಲ್ಲಿಸುತ್ತೇನೆ. ಬೇಕಾದರೆ ಮೇಸ್ತ್ರಿಯನ್ನು ಕೇಳಿ. ಅಪ್ಪನ ಕಾಲದಿಂದ ಇರುವ ಮನುಷ್ಯ, ಸುಳ್ಳು ಹೇಳುವುದಿಲ್ಲ.

ಊಟಕ್ಕೆ ಕೂತಾಗ ಇದನ್ನೆಲ್ಲ ಮಗಳಿಗೆ ಹೇಳಿದೆ. "ಈ ಬೀದೀಲಿ ನಾನೊಬ್ಬಳನ್ನು ಬಿಟ್ರೆ ಎಲ್ರೂ ಕಳ್ರೇ."

"ಕಳ್ರಲ್ಲ ಅಮ್ಮ, ಬುದ್ಧಿವಂತ್ರು. ಒಬ್ಬೊಬ್ರೂ ಹಾಕ್ಕೊಂಡಿರೋ ಲೆಕ್ಕ ಸರಿಯಾಗೇ ಇದೆ. ಎಲ್ಲಾ ಸೇರಿದ್ರೆ ಈ ಕಾಲುವೆ."

ಸಂಬಳ ತೆಗೆದುಕೊಂಡು ಹೇಳುವ ಮಾತು ಕೇಳಲು ಇಂಪಾಗಿರುತ್ತದೆ.

ಮಾರ್ಚ್ ೧, ಶನಿವಾರ

ಇವತ್ತು ನನ್ನ ತಲೆ ಕೆಟ್ಟಿದೆ.

ಮಗಳು ರಜೆ ಎಂದು ಆಫೀಸು ಕೋಣೆ ಗುಡಿಸಲು ಬಂದವಳು ಕಿಟಕಿಯ ಮುಂದೆ ಬಹಳ ಹೊತ್ತು ನಿಂತಳು. ಆಮೇಲೆ ನನ್ನ ಬಣ್ಣದ ಪುಸ್ತಕ ತೆಗೆದಳು. ಯಾವ ದಿನ ಯಾವ ನೂಲಿಗೆ ಯಾವ ಬಣ್ಣ ಎಂದು ಒಂದೊಂದು ಎಳೆ ಅಂಟಿಸಿ ಇಡುವ ಪುಸ್ತಕ ಅದು.

"ಅಮ್ಮ, ಸ್ವಲ್ಪ ಬಾ ಇಲ್ಲಿ. ಆರನೇ ತಾರೀಖು ಬಾಟ್ಲಿ ಕಡುನೀಲಿ. ಪುಸ್ತಕದಲ್ಲೂ ಕಡುನೀಲಿ. ಹನ್ನೆರಡು ಇಟ್ಟಿಗೆ ಕೆಂಪು, ಇಲ್ಲೂ ಅದೇ. ಇಪ್ಪತ್ತೆರಡರಿಂದ ಹಸಿರು."

"ಅದಕ್ಕೆ?"

"ಹದಿನೇಳು ಬಾಟ್ಲಿ, ಹದಿನೇಳೂ ನಿನ್ನ ಪುಸ್ತಕದ ತರಾನೇ ಇದೆ."

"ನನ್ನ ಆರ್ಡರ್ ನೋಡ್ಕೊಂಡು ಅದೇ ಬಣ್ಣ ಹಾಕ್ತಾನೆ ಅವನು! ಚಿಕ್ಕಂದಿನಿಂದ ಕಾಪಿ ಹೊಡೆಯೋದು ಅವನ ಚಾಳಿ. ಶಾಲೇಲೂ ನನ್ನ ಸ್ಲೇಟು ನೋಡ್ಕೊಂಡೇ ಬರೀತಿದ್ದ."

"ಅಮ್ಮ, ಮಾವ ನಿನಗಿಂತ ನಾಲ್ಕು ವರ್ಷ ದೊಡ್ಡೋರು."

ಎದ್ದು ಹೊರಗೆ ಬಂದೆ. ಓದಿದವರ ಜೊತೆ ವಾದ ಮಾಡಬಾರದು.

ಮಾರ್ಚ್ ೩, ಸೋಮವಾರ

ಇವಳ ಬಾಯಿ ಮುಚ್ಚಿಸುತ್ತೇನೆ. ಒಳಕೋಣೆಯಲ್ಲಿ ಒಂದು ಡಬ್ಬ ನೇರಳೆ ಬಣ್ಣ ಇದೆ. ಈ ಬೀದಿಯಲ್ಲಿ ಯಾರೂ ನೇರಳೆ ಹಾಕುವುದಿಲ್ಲ. ನಾಳೆ ನಾನೇ ಕಲಸಿ, ನೂಲು ಜಾಲಾಡುವ ತೊಟ್ಟಿಗೆ ಸುರಿಯುತ್ತೇನೆ. ಅದು ನನ್ನ ತಿಳಿತೊಟ್ಟಿಗೇ ಹೋಗುತ್ತದೆ. ಹೋಗಲಿ, ಅವಳು ಕಣ್ಣಾರೆ ನೋಡಲಿ.

ಮಾರ್ಚ್ ೪, ಮಂಗಳವಾರ

ನೇರಳೆ ಅವನ ಮೋರಿಯಿಂದ ಬಂತು.

ಸುರಿದ ಮೇಲೆ ಮಗಳನ್ನು ತಿಳಿತೊಟ್ಟಿಯ ಹತ್ತಿರ ನಿಲ್ಲಿಸಿ, ನಾನು ಸುತ್ತು ಹಾಕಿಕೊಂಡು ಆಚೆ ದಡಕ್ಕೆ ಹೋದೆ. ಹೋಗಿ ನಿಲ್ಲುವುದಕ್ಕೂ ಅಲ್ಲಿ ನೀರು ಬರುವುದಕ್ಕೂ ಸರಿಯಾಯಿತು. ನೇರಳೆ. ನನ್ನ ಕೈಗೆ ಮೆತ್ತಿಕೊಂಡಿದ್ದ ಅದೇ ನೇರಳೆ. ಅಲ್ಲೇ ಕೂತುಬಿಟ್ಟೆ.

ಮೇಸ್ತ್ರಿಯನ್ನು ಕರೆದು ಕೇಳಿದೆ. ಅವನು ತಲೆ ಕೆರೆದುಕೊಂಡ.

"ಅದು ಯಜಮಾನ್ರ ಕಾಲದ ಮೋರಿ ಅಮ್ಮ. ನೆಲದ ಕೆಳಗೆ ಹೋಗುತ್ತೆ. ಪಾಲಾದಾಗ ಮೇಲಿಂದೆಲ್ಲ ಭಾಗ ಮಾಡಿದ್ರಿ, ಕೆಳಗಿಂದು ಯಾರೂ ಕೇಳ್ಲಿಲ್ಲ. ಬಣ್ಣ ಕುದಿಸೋ ನೀರು ನಿಮ್ಮ ತಿಳಿತೊಟ್ಟಿಗೆ ಹೋಗುತ್ತೆ. ಜಾಲಾಡೋ ನೀರು ಮಾತ್ರ ಹಳೇ ಮೋರಿ ಹಿಡ್ಕೊಂಡು ಆ ಕಡೆಗೆ."

"ಹನ್ನೊಂದು ವರ್ಷ ಬಾಯಲ್ಲೇನು ಇಟ್ಕೊಂಡಿದ್ದೆ ನೀನು?"

"ಹೇಳಿದ್ರೆ ಅಗೀಬೇಕಿತ್ತು. ಅಗೀಬೇಕಂದ್ರೆ ನಾಲ್ಕೈದು ದಿನ ಕೆಲಸ ನಿಲ್ಬೇಕಿತ್ತು. ಅರ್ಧ ದಿನ ನಿಂತ್ರೆ ನೀವು ಕುಣಿದಾಡ್ತೀರಿ. ಎಲ್ಲಾ ನೀರೂ ತಿಳಿತೊಟ್ಟಿಗೇ ಬಂದಿದ್ರೆ ಅದು ದಿನಕ್ಕೆ ಮೂರು ಸಲ ತುಂಬ್ತಿತ್ತು. ಆಗ ಹತ್ತು ದಿನಕ್ಕೆ ಹಸಿರು ಕೊಡ್ತೀನಿ ಅಂತ ಒಪ್ಕೊಳ್ಳೋಕಾಗ್ತಿತ್ತಾ?"

ತಿಳಿತೊಟ್ಟಿ ತಪ್ಪಿಸದೆಯೂ ಕೆಲಸ ಮಾಡಿಕೊಡುವವಳು, ಬೀದಿಯಲ್ಲಿ ಎಲ್ಲರಿಗಿಂತ ಚೊಕ್ಕ ಇರುವವಳು ಎಂದು ಮೆರೆದದ್ದೇ ಮೆರೆದದ್ದು.

"ಆ ಕಡೆಯವರಿಗೆ ಗೊತ್ತಾ?"

"ಗೊತ್ತಿಲ್ದೆ ಏನು? ಅವ್ರೂ ಯಜಮಾನ್ರ ಮಗ ತಾನೇ? ಆ ಮೋರಿ ಕಟ್ಟೋವಾಗ ಇಟ್ಟಿಗೆ ಹೊತ್ತಿದ್ದೇ ಅವ್ರು."

ಮಾರ್ಚ್ ೫, ಬುಧವಾರ

ಬರೆಯಲು ಮನಸ್ಸಿಲ್ಲ.

ಮಾರ್ಚ್ ೮, ಶನಿವಾರ

ಸರಿ, ಲೆಕ್ಕ ಹಾಕೋಣ. ಮಗಳು ಕಾಲೇಜಿನಲ್ಲಿ ಹಾಕುತ್ತಾಳಲ್ಲ, ಹಾಗೆ.

ಮಂಗಳವಾರ ಸಂಘದ ಕೋಣೆಯಲ್ಲಿ ವಿಚಾರಣೆ. ಬಾಟಲಿಗಳನ್ನು ಮೇಜಿನ ಮೇಲಿಟ್ಟು "ಅವನ ಮೋರಿಯಿಂದ ಹಿಡಿದದ್ದು" ಎಂದರೆ ಅದು ಸುಳ್ಳಲ್ಲ. ಹಿಡಿದದ್ದು ಅಲ್ಲೇ. ಅವನಿಗೆ ಬೀಗ. ನನಗೂ ಉಳಿದ ಏಳು ಮನೆಗಳಿಗೂ ಒಂದು ವರ್ಷ ಸಿಗುತ್ತದೆ. ಅವನ ಆರ್ಡರ್‌ಗಳೂ ಅಕ್ಕಪಕ್ಕ ಹಂಚಿಹೋಗುತ್ತವೆ. ಆ ವರ್ಷದೊಳಗೆ ಸದ್ದಿಲ್ಲದೆ ಮೋರಿ ಅಗೆಸಿ ಸರಿಮಾಡಬಹುದು. ನನ್ನ ಹದಿನಾಲ್ಕು ಜನಕ್ಕೆ ಕೆಲಸ ಉಳಿಯುತ್ತದೆ. ಗೊತ್ತಿರುವವರು ನಾನು, ಮಗಳು, ಮೇಸ್ತ್ರಿ. ಮೂವರೂ ಮನೆಯವರೇ. ನಾಲ್ಕು ಸಲ ನೋಡಿದೆ, ಲೆಕ್ಕದಲ್ಲಿ ಎಲ್ಲೂ ತಪ್ಪಿಲ್ಲ.

ಆದರೆ ಇನ್ನೊಬ್ಬನಿಗೂ ಗೊತ್ತಿದೆಯಲ್ಲ!

ಅದೇ ನನಗೆ ಸಹಿಸಲಾಗುತ್ತಿಲ್ಲ. ಆವತ್ತು ನಾನು ಎಲ್ಲರೆದುರು ಬೆರಳು ತೋರಿಸಿದಾಗ ಅವನು ಒಂದೇ ಮಾತು ಹೇಳಿದ್ದರೆ ಸಾಕಿತ್ತು. "ಇದು ಇವಳದೇ ನೀರು, ನೆಲ ಅಗೆದು ನೋಡಿ" ಎನ್ನಬಹುದಿತ್ತು. ಕಿಟಕಿ ನೋಡುತ್ತಾ ಕೂತ. ಯಾಕೆ? ಪಾಪ ತಂಗಿ ಎಂದೋ? ಅವನ ಪಾಪ ನನಗೆ ಬೇಕಿಲ್ಲ. ಅವನು ಬಿಟ್ಟುಕೊಟ್ಟದ್ದರಲ್ಲಿ ನಾನು ಬದುಕಬೇಕೇ? ಉಪ್ಪಿನ ಪೆಟ್ಟಿಗೆ ತೆಗೆದಾಗಲೆಲ್ಲ ಇದೇ ನೆನಪಾಗಿ ಮೈ ಉರಿಯುತ್ತದೆ.

ಇಲ್ಲ. ಅವನ ಉಪಕಾರ ನನ್ನ ತಲೆ ಮೇಲೆ ಬೇಡ. ಯಾರೂ ಇದನ್ನು ಒಳ್ಳೆಯತನ ಎಂದು ತಿಳಿಯಬಾರದು. ಇದು ಹಟ.

ಮೇಸ್ತ್ರಿಯನ್ನೂ ಕೆಲಸದವರನ್ನೂ ಕೂರಿಸಿ ನಿಜ ಹೇಳಿದೆ. ಕೆಲಸ ಹೋಗಬಹುದು ಎಂದೂ ಹೇಳಿದೆ. ನೂಲು ಒಣಹಾಕುವವಳು ಅತ್ತಳು. ನಾನೂ ಅತ್ತೆ. ಆಮೇಲೆ ಎಲ್ಲರೂ ಎದ್ದು ಹಸಿರು ಮುಗಿಸಿದೆವು. ಜಾಲಾಡಿದ ನೀರನ್ನು ಬಕೆಟ್‌ನಲ್ಲಿ ಹೊತ್ತು ತಿಳಿತೊಟ್ಟಿಗೆ ಹಾಕಿಸಿದೆ. ತಡವಾಯಿತು, ಏಜೆಂಟ್ ಫೋನಿನಲ್ಲಿ ಕಿರುಚಾಡಿದ. ಕಿರುಚಿಕೊಳ್ಳಲಿ.

ಮಾರ್ಚ್ ೧೧, ಮಂಗಳವಾರ

ಮುಗಿಯಿತು.

ಸಾಕ್ಷಿ ತಂದವಳು ನಾನೊಬ್ಬಳೇ ಅಲ್ಲ. ಮೂರನೇ ಮನೆಯವನ ಕೈಯಲ್ಲಿ ನಾಲ್ಕನೇ ಮನೆಯ ಫೋಟೊ, ನಾಲ್ಕನೇ ಮನೆಯವನ ಕೈಯಲ್ಲಿ ಮೂರನೇ ಮನೆಯದು. ಎಲ್ಲರ ಚೀಲದಲ್ಲೂ ಒಬ್ಬೊಬ್ಬ ಪಕ್ಕದವನಿದ್ದ.

ನನ್ನ ಸರದಿ ಬಂದಾಗ ಹದಿನೇಳೂ ಬಾಟಲಿಗಳನ್ನು ಸಾಲಾಗಿಟ್ಟೆ. ಪಕ್ಕದಲ್ಲಿ ನನ್ನ ಬಣ್ಣದ ಪುಸ್ತಕ ಬಿಡಿಸಿಟ್ಟೆ.

"ಇದು ಯಾರ ನೀರು?" ಎಂದಳು ಅಧಿಕಾರಿ.

"ನಂದು."

ಅವಳಿಗೆ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಹೇಳಿದೆ. "ನಂದೇ ಮೇಡಂ. ಮೋರಿ ಅವರದು, ನೀರು ನಂದು. ಆವತ್ತು ನಾನು ಹೇಳಿದ್ದು ತಪ್ಪು." ನೇರಳೆಯ ಕಥೆಯನ್ನೂ ಹೇಳಿದೆ.

ಅವಳು ನಿಯಮದ ಪುಸ್ತಕವನ್ನು ಮುಂದೆ ತಿರುಗಿಸಿದಳು, ಹಿಂದೆ ತಿರುಗಿಸಿದಳು. "ಬೇರೆಯವರು ಸಾಬೀತು ಮಾಡಿದ್ರೆ ಏನು ಮಾಡ್ಬೇಕು ಅಂತ ಇದೆ. ತಾವೇ ಬಂದು ಒಪ್ಕೊಂಡ್ರೆ ಏನು ಅಂತ ಇದ್ರಲ್ಲಿ ಇಲ್ಲ" ಎಂದಳು.

"ಅಂಥ ದಡ್ಡರು ಇರ್ತಾರೆ ಅಂತ ಬರೆದೋರಿಗೆ ಹೊಳೆದಿರಲ್ಲ ಬಿಡಿ" ಎಂದ ಕೊನೇ ಮನೆಯವನು. ಎಲ್ಲರೂ ನಕ್ಕರು. ನನಗೂ ನಗು ಬಂತು.

ಮೇಲಿನವರನ್ನು ಕೇಳಿ ತೀರ್ಮಾನಿಸುವವರೆಗೆ ನನ್ನ ಕಾರ್ಖಾನೆಗೆ ತಾತ್ಕಾಲಿಕ ಬೀಗ. ಮಧ್ಯಾಹ್ನವೇ ಬಂದು ಅರಗು ಕರಗಿಸಿ ಮುದ್ರೆ ಒತ್ತಿದರು. ಪಕ್ಕದವನು ಇದ್ದಷ್ಟು ಹೊತ್ತೂ ತುಟಿ ಬಿಚ್ಚಲಿಲ್ಲ. ಇಷ್ಟೆಲ್ಲ ಆದ ಮೇಲೂ ಒಂದು ಮಾತಿಲ್ಲ! ಕಲ್ಲು.

ಮಾರ್ಚ್ ೧೨, ಬುಧವಾರ

ಬೆಳಿಗ್ಗೆ ಅತ್ತಿಗೆ ಬಟ್ಟೆ ಒಣಹಾಕುತ್ತಾ ಗೋಡೆಯ ಆಚೆಯಿಂದ ಕೂಗಿ ಹೇಳಿದರು. "ನಮ್ಮನೆಯವ್ರು ಇಲಾಖೆ ಆಫೀಸಿಗೆ ಹೋಗಿದಾರೆ ಕಣಮ್ಮ. ಆ ನೀರಲ್ಲಿ ಅರ್ಧ ನಂದೂ ಇದೆ ಅಂತ ಬರ್ಕೊಡೋಕೆ. ನಿಮ್ಮಿಬ್ರಿಗೂ ಏನು ಹಿಡ್ಕೊಂಡಿದೆ ಅಂತ ನಂಗಂತೂ ಗೊತ್ತಿಲ್ಲ."

ಸಂಜೆಯೊಳಗೆ ಅವನ ಬಾಗಿಲಿಗೂ ಅರಗು ಬಿತ್ತು. ಅದರಲ್ಲೂ ನನ್ನ ಕಾಪಿ.

ಮಾರ್ಚ್ ೨೪, ಸೋಮವಾರ

ಹನ್ನೆರಡು ದಿನ ಎರಡು ಮನೆಗಳ ಮೋರಿಯಲ್ಲೂ ಒಂದು ತೊಟ್ಟು ನೀರಿಲ್ಲ. ಕೆಲಸದವರಲ್ಲಿ ಆರು ಜನ ಬೇರೆ ಮನೆಗಳಿಗೆ ಹೋದರು. ಹೋಗಿ ಎಂದು ನಾನೇ ಕಳಿಸಿದೆ. ನಮ್ಮಿಬ್ಬರ ಆರ್ಡರ್‌ಗಳೆಲ್ಲ ಬೀದಿಯ ಉಳಿದವರಿಗೆ ಹೋದವು. ಕೊನೇ ಮನೆಯವನು ಎರಡು ಪಾಳಿ ನಡೆಸುತ್ತಿದ್ದಾನೆ.

ಇವತ್ತು ಸುಮ್ಮನೆ ಕೂರಲಾರದೆ ಸೇತುವೆಗೆ ಹೋದೆ. ಕೆಳಗೆ ನೋಡಿದರೆ ನೀರು ಅದೇ ಕೊಳೆತ ದ್ರಾಕ್ಷಿ! ನಾವಿಬ್ಬರೂ ಬಾಗಿಲು ಹಾಕಿದರೂ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಬಾಟಲಿ ತುಂಬಿಸಿದೆ. ತಲೆ ಎತ್ತಿದರೆ ಸೇತುವೆಯ ಆ ತುದಿಯಲ್ಲಿ ಅಣ್ಣನೂ ಬಾಟಲಿ ಹಿಡಿದು ನಿಂತಿದ್ದಾನೆ.

"ಏ ಪುಟ್ಟಿ, ಬಿದ್ದೀಯ, ಈ ಕಡೆ ಬಾ" ಎಂದ.

ಹನ್ನೊಂದು ವರ್ಷಕ್ಕೆ ಮೊದಲ ಮಾತು ಇದು. ನನ್ನನ್ನು ಪುಟ್ಟಿ ಎನ್ನುವವರು ಇನ್ಯಾರೂ ಉಳಿದಿಲ್ಲ. ಅದಕ್ಕೇ ಜೋರಾಗಿ ಕೇಳಿದೆ. "ಆವತ್ತು ಯಾಕೆ ಸುಮ್ನಿದ್ದೆ? ದೊಡ್ಡ ತ್ಯಾಗಮೂರ್ತಿನಾ ನೀನು?"

"ತ್ಯಾಗಾನೂ ಇಲ್ಲ, ಮಣ್ಣೂ ಇಲ್ಲ. ನಿನ್ನ ನೀರು ಬರೋ ಹೊತ್ತಿಗೇ ನಾನೂ ನನ್ನ ತೊಟ್ಟಿ ತೆಗೀತಿದ್ದೆ. ನಿನ್ನ ಗಾಢ ಬಣ್ಣದಲ್ಲಿ ನನ್ನ ತೆಳು ಬಣ್ಣ ಕಾಣ್ತಿರ್ಲಿಲ್ಲ. ಯಾರಾದ್ರೂ ಹಿಡಿದ್ರೆ ನಿಂದು ಅಂತ ತೋರಿಸೋಣ ಅಂತ. ನೀನು ಬೆರಳು ತೋರಿಸಿದಾಗ ಯಾವ ಬಾಯಲ್ಲಿ ಏನು ಹೇಳ್ಲಿ?"

"ನನ್ನ ಬಣ್ಣದ ಹಿಂದೆ ಬಚ್ಚಿಟ್ಕೊಂಡ್ಯಾ?"

"ನೀನು ನನ್ನ ಮೋರಿ ಹಿಂದೆ ಬಚ್ಚಿಟ್ಕೊಂಡಿರ್ಲಿಲ್ವಾ?"

"ನಂಗೆ ಗೊತ್ತಿರ್ಲಿಲ್ಲ!"

"ಅದೇ ನಿನ್ನ ಪುಣ್ಯ. ನಂಗೆ ಗೊತ್ತಿತ್ತು."

ಸೇತುವೆಯ ಮೇಲೆ ನಿಂತು ನಕ್ಕಿದ್ದೇ ನಕ್ಕಿದ್ದು. ಹೋಗಿ ಬರುವವರು ತಿರುಗಿ ನೋಡಿದರು. ಆಮೇಲೆ ಎರಡೂ ಬಾಟಲಿಗಳನ್ನು ತೆಗೆದುಕೊಂಡು ನೇರ ಇಲಾಖೆಗೆ ಹೋದೆವು. "ನಾವು ನಿಂತು ಹನ್ನೆರಡು ದಿನ ಆಯ್ತು ಮೇಡಂ. ಇದು ಯಾರ ನೀರು?" ಎಂದು ಈ ಸಲ ನಾನು ಕೇಳಿದೆ. ಅಧಿಕಾರಿ ಬಾಟಲಿಗಳನ್ನು ಬೆಳಕಿಗೆ ಹಿಡಿದು ನೋಡಿದಳು, ಆಮೇಲೆ ಒಂಬತ್ತೂ ಮನೆಗಳ ಪಟ್ಟಿ ತೆಗೆದಳು.

ಮಾರ್ಚ್ ೨೮, ಶುಕ್ರವಾರ

ಅಧಿಕಾರಿ ಎರಡು ದಿನ ಮೊಣಕಾಲು ಮಟ್ಟದ ಬೂಟು ಹಾಕಿಕೊಂಡು ಒಂಬತ್ತೂ ಮೋರಿಗಳ ಬಾಯಿ ಬಾಯಿಗೆ ಹೋಗಿ ನೀರು ಹಿಡಿದಳು. ಇದನ್ನು ಮೊದಲೇ ಮಾಡಬಹುದಿತ್ತಲ್ಲ ಎಂದೆ. ಸೇತುವೆಯಲ್ಲಿ ಹಿಡಿದರೆ ಒಂದು ಬಾಟಲಿ ಸಾಕು, ಇಲ್ಲಿ ದಿನಕ್ಕೆ ಒಂಬತ್ತು ಬೇಕು, ಇಲಾಖೆಯಲ್ಲಿ ತಾನೊಬ್ಬಳೇ ಎಂದಳು. ಪಾಪ, ಅವಳದೂ ಒಂದು ಲೆಕ್ಕ. ಒಂದು ಮೋರಿಯೂ ಚೊಕ್ಕ ಇಲ್ಲವಂತೆ.

"ನೀವು ಹಿಡೀಬೇಡಿ, ನಮ್ಮ ಕೈಲಿ ಹಿಡಿಸಿ" ಎಂದೆ. "ನಾನು ಅವನ ಮೋರಿದು, ಅವನು ಮೂರನೇ ಮನೇದು, ಹೀಗೆ. ಪಕ್ಕದವರ ಮೇಲೆ ಕಣ್ಣಿಡೋದು ನಮಗೇನು ಹೊಸದಾ? ಸಂಬಳ ಇಲ್ದೆ ಮಾಡ್ತಾ ಬಂದಿದೀವಿ. ಬಾಟ್ಲಿಗಳನ್ನ ಸಂಘದ ಕಿಟಕೀಲಿಡಿ, ಎಲ್ರಿಗೂ ಕಾಣ್ಲಿ. ಆದ್ರೆ ಸಿಕ್ಕಿಬಿದ್ದೋರಿಗೆ ಶಾಶ್ವತವಾಗಿ ಬೀಗ ಹಾಕ್ಬೇಡಿ. ಹಾಗೆ ಮಾಡಿದ್ರೆ ಎಲ್ರೂ ಸುಳ್ಳೇ ಹೇಳ್ತಾರೆ. ಒಂದು ದಿನ ಕೆಲಸ ನಿಲ್ಲಿಸ್ಲಿ, ಸಾಕು." ಅವಳು ಬರೆದುಕೊಂಡಳು.

ಆರು ಗಂಟೆಯ ಗಂಟನ್ನು ಬಿಡಿಸಿದ್ದು ಅಣ್ಣ. ಕಾಲುವೆಯ ಕಟ್ಟೆಯ ಮೇಲೆ ಕೂತು ಕಡ್ಡಿಯಲ್ಲಿ ಮಣ್ಣಿನ ಮೇಲೆ ಗೀಚಿದ. ಒಬ್ಬೊಬ್ಬರಿಗೆ ಒಂದೊಂದೇ ತಿಳಿತೊಟ್ಟಿ ಇದ್ದರೆ ತುಂಬಿದಾಗ ಕೆಲಸ ನಿಲ್ಲಲೇಬೇಕು. ಎರಡು ಮನೆ ಸೇರಿದರೆ ಎರಡು ತೊಟ್ಟಿ. ಒಂದು ತುಂಬುವಾಗ ಇನ್ನೊಂದು ತಿಳಿಯಾಗುತ್ತಿರುತ್ತದೆ. ಅವನ ಪಾಳಿ ಬೆಳಿಗ್ಗೆ, ನನ್ನದು ಮಧ್ಯಾಹ್ನದ ಮೇಲೆ. ಯಾರೂ ನಿಲ್ಲಬೇಕಿಲ್ಲ, ಕಾಲುವೆಗೆ ಕದ್ದು ಬಿಡಬೇಕಿಲ್ಲ.

"ಆದ್ರೆ ಮಧ್ಯೆ ಗೋಡೆ ಇದೆಯಲ್ಲ" ಎಂದೆ.

"ಇರ್ಲಿ ಬಿಡು, ಹಾರೆ ನಮ್ಮನೇಲಿದೆ" ಎಂದ.

ಏಪ್ರಿಲ್ ೯, ಬುಧವಾರ

ಮೇಲಿನವರು ಒಪ್ಪಿದರು. ಪರೀಕ್ಷೆಗೆಂದು ನಮ್ಮಿಬ್ಬರಿಗೂ ಬೀಗ ತೆಗೆದು ಆರು ದಿನವಾಯಿತು. ಮೊದಲ ದಿನವೇ ಎರಡೂ ಮನೆಯವರು ಕೈಜೋಡಿಸಿ ಹಳೆಯ ಮೋರಿ ಅಗೆದು ಎರಡೂ ತಿಳಿತೊಟ್ಟಿಗಳಿಗೆ ಸೇರಿಸಿದೆವು. ಎರಡನೇ ದಿನ ಗೋಡೆಯಲ್ಲಿ ಬಾಗಿಲಗಲ ಕಿಂಡಿ. ಅಣ್ಣ ಹಾರೆ ಎತ್ತಿದರೆ ಸೊಂಟ ಹಿಡಿದುಕೊಳ್ಳುತ್ತದೆ, ಆದರೂ ಮೇಸ್ತ್ರಿಯ ಕೈಗೆ ಕೊಡುವುದಿಲ್ಲ. ಜಗಮೊಂಡ.

ದಿನಕ್ಕೆ ನಾಲ್ಕು ಸಲ ಜಗಳ. ನನ್ನ ಸುಣ್ಣ ಹೆಚ್ಚಾಯಿತು ಎಂದು ಅವನು, ಅವನ ಪಾಳಿ ಹತ್ತು ನಿಮಿಷ ಬೆಳೆಯಿತು ಎಂದು ನಾನು. ಗಂಟಲು ಒಣಗಿದಾಗ ಅತ್ತಿಗೆ ಟೀ ತರುತ್ತಾರೆ. ಕುಡಿದು ಮತ್ತೆ ಶುರು ಮಾಡುತ್ತೇವೆ.

ನಮ್ಮನ್ನು ನೋಡಿ ಮೂರು, ನಾಲ್ಕನೇ ಮನೆಯವರೂ ಜೊತೆಯಾದರು. ಫೋಟೊ ಹಿಡಿದು ಓಡಾಡಿದವರೇ. ಆಮೇಲೆ ಐದು, ಆರು. ಏಜೆಂಟ್ ಎಂಟು ದಿನ ಎಂದು ಹೆದರಿಸಲು ಬಂದಾಗ ಆರು ಮನೆಯವರೂ ಹದಿನಾಲ್ಕು ಎಂದೆವು. ಒಬ್ಬರೂ ಇಳಿಯಲಿಲ್ಲ. ಅವನ ಮುಖ ನೋಡಬೇಕಿತ್ತು! ಕೊನೇ ಮನೆಯವನು ಮಾತ್ರ ಇನ್ನೂ ಕದ್ದು ಬಿಡುತ್ತಾನೆ. ಅವನ ಬಾಟಲಿ ಸಂಘದ ಕಿಟಕಿಯಲ್ಲಿ ಎದ್ದು ಕಾಣುತ್ತದೆ. ನಿನ್ನೆ ಅವನ ಹೆಂಡತಿ ಬಂದು ಅದರ ಮುಂದೆ ಪರದೆ ಎಳೆದು ಹೋದಳಂತೆ.

ಏಪ್ರಿಲ್ ೨೨, ಮಂಗಳವಾರ

ನಮ್ಮ ಮೋರಿಯ ಬಾಟಲಿಯಲ್ಲೇ ಕೆಂಪು! ಜೋಡಿಯಾದ ಮೇಲೆ ನಮ್ಮದನ್ನು ಹಿಡಿಯುವವನು ಮೂರನೇ ಮನೆಯವನು, ಕಿಟಕಿಯಲ್ಲಿಟ್ಟು ಹಲ್ಲು ಕಿರಿದ. ಗಡಿಬಿಡಿಯಲ್ಲಿ ಆರು ಗಂಟೆ ಕಾಯದೆ ನಾಲ್ಕೂವರೆ ಗಂಟೆಗೇ ನೀರು ಬಿಟ್ಟವಳು ನಾನು. ಬೇರೆ ಯಾರೂ ಅಲ್ಲ. ನಾಳೆ ಒಂದು ದಿನ ಕೆಲಸ ಬಂದ್. ನಾಡಿದ್ದು ನೂರು ಲಡಿ ನೂಲು ಕೊಡಬೇಕಿತ್ತು. ಏನಾದರಾಗಲಿ, ನಿಯಮ ಮಾಡಿದವಳೇ ಮುರಿಯಲು ಆಗುವುದಿಲ್ಲ.

ಏಪ್ರಿಲ್ ೨೪, ಗುರುವಾರ

ಬೆಳಿಗ್ಗೆ ಕಿಂಡಿಯ ಹತ್ತಿರ ನೂರು ಲಡಿ ನೂಲು ಒಣಗಿ, ಕಟ್ಟು ಕಟ್ಟಿ ಇಟ್ಟಿತ್ತು. ಮೂರನೇ ಮನೆಯವನ ತೊಟ್ಟಿಯಲ್ಲಿ ಹಾಕಿದ್ದಂತೆ. ಅಣ್ಣ ನನ್ನ ಬಣ್ಣದ ಪುಸ್ತಕ ನೋಡಿಯೇ ಬಣ್ಣ ಕಲಸಿದ್ದಂತೆ. ಚಿಕ್ಕಂದಿನ ಚಾಳಿ ಎಲ್ಲಿ ಹೋಗುತ್ತದೆ? ಕೆಂಪು ಒಂದು ಚೂರು ಗಾಢವಾಯಿತು ಎಂದೆ. "ಬೇಡ ಅಂದ್ರೆ ವಾಪಸ್ ಕೊಡು" ಎಂದ. ಕೊಡಲಿಲ್ಲ.

ಮೇ ೫, ಸೋಮವಾರ

ಎಂಟು ಗಂಟೆಗೇ ಬೀದಿಯೆಲ್ಲ ಸೇತುವೆಯ ಮೇಲಿತ್ತು. ಅಧಿಕಾರಿ ಕೆಳಗಿಳಿದು ಬಾಟಲಿ ತುಂಬಿಸಿ, ಪುಡಿ ಹಾಕಿ ಅಲ್ಲಾಡಿಸಿ, ಮೀಟರು ಅದ್ದಿದಳು. ಕೊನೇ ಮನೆಯವನೂ ಬಂದಿದ್ದ. ಕಳೆದ ವಾರವಷ್ಟೇ ಏಳು, ಎಂಟನೇ ಮನೆಯವರ ಜೊತೆ ಸೇರಿದ್ದಾನೆ, ಪರದೆಯ ನಾಚಿಕೆ ತಡೆಯಲಾರದೆ.

ಮಿತಿಗಿಂತ ಕೂದಲೆಳೆಯಷ್ಟು ಕೆಳಗೆ. ಸಾಕು. ಬೀಗವಿಲ್ಲ! ಮೇಸ್ತ್ರಿ ಟವೆಲು ಗಾಳಿಗೆ ತೂರಿದ, ಅದು ಕಾಲುವೆಗೇ ಬಿತ್ತು. ಎತ್ತಿ ಹಿಂಡಿ ಮುಖ ಒರೆಸಿಕೊಂಡ. ಅಯ್ಯೋ ಅಂಥಾ ತಿಳಿನೀರೇನಲ್ಲ ಅದು ಎಂದು ಬೈದೆ.

ಸಂಜೆ ಅಧಿಕಾರಿ ಹೊಸ ಪರವಾನಗಿಯ ಫಾರಂ ತಂದಳು. ಈಗ ಲೆಕ್ಕ ಮನೆಗಲ್ಲ, ಮೋರಿಗೆ. ಒಂದು ಮೋರಿಗೆ ಒಂದು ಫಾರಂ, ಕಾರ್ಖಾನೆಯ ಹೆಸರಿಗೆ ಒಂದೇ ಜಾಗ.

"ನಿಮ್ಮಿಬ್ಬರಲ್ಲಿ ಯಾರ ಹೆಸರು ಹಾಕ್ಲಿ?"

"ಅವಳದು ಹಾಕಿ" ಎಂದ ಅಣ್ಣ.

"ಅವನದೇ ಹಾಕಿ, ದೊಡ್ಡವನು" ಎಂದೆ ನಾನು.

"ಮೊದಲನೇ ದಿನಾನೂ ಹೀಗೇ ಅಲ್ವಾ, ಒಬ್ರು ಇನ್ನೊಬ್ರನ್ನ ತೋರಿಸಿದ್ದು?" ಎಂದು ಅಧಿಕಾರಿ ಪೆನ್ನು ಕೆಳಗಿಟ್ಟಳು. "ಬೇಗ ಹೇಳಿ, ನಂಗೆ ಇನ್ನೂ ಮೂರು ಫಾರಂ ಇದೆ."

ಅಣ್ಣ ಎದ್ದು ಒಳಗೆ ಹೋದ. ಹಿತ್ತಿಲಲ್ಲಿ ಕುಂಡ ಇಡುವ ಹಲಗೆಯನ್ನು ಮಣ್ಣು ಒರೆಸುತ್ತಾ ತಂದು ಮೇಜಿನ ಮೇಲಿಟ್ಟ. ನಾನು ಕಿಂಡಿ ದಾಟಿ ಹೋಗಿ ಉಪ್ಪಿನ ಪೆಟ್ಟಿಗೆಯ ಮುಚ್ಚಳ ತಂದೆ. ಎರಡನ್ನೂ ಒತ್ತಿ ಜೋಡಿಸಿದೆವು. ಗರಗಸ ತಿಂದಷ್ಟು ಮರ ಇಲ್ಲ, ನಡುವಿನ ಒಂದು ಅಕ್ಷರ ಸೊಟ್ಟಗಾಗಿದೆ. ಓದಲು ಬರುತ್ತದೆ.

ಅಧಿಕಾರಿ ಅಪ್ಪನ ಹೆಸರನ್ನು ಅದನ್ನು ನೋಡಿಕೊಂಡೇ ಬರೆದಳು. ಕೆಳಗೆ ನಾವಿಬ್ಬರೂ ಸಹಿ ಹಾಕಿದೆವು.

ಉಪ್ಪಿನ ಪೆಟ್ಟಿಗೆ ತೆರೆದೇ ಇದೆ. ನಾಳೆ ಬಡಗಿಗೆ ಹೇಳಿ ಬೇರೆ ಮುಚ್ಚಳ ಮಾಡಿಸಬೇಕು.